ಅಂಚಿನಲ್ಲಿ ಬರೆದು ಮುಂದಿನವರಿಗೆ ದಾಟಿಸಿ

ಒಂದೇ ವಿಜ್ಞಾನ ಕಾದಂಬರಿಯನ್ನು ಆರು ಜನ ಒಬ್ಬರಾದ ಮೇಲೊಬ್ಬರು ಓದಿ, ಅನ್ನಿಸಿದ್ದನ್ನೆಲ್ಲ ಅದರ ಅಂಚಿನಲ್ಲೇ ಬರೆದು ದಾಟಿಸುವುದಾದರೆ ಹೊಸ ಪ್ರತಿ ಕೊಳ್ಳಬೇಡಿ. ಹೊಸ ಪುಸ್ತಕದಲ್ಲಿ ಬರೆಯಲು ಯಾರಿಗೂ ಕೈ ಬರುವುದಿಲ್ಲ. ಎಲ್ಲೋ ಒಂದು ಕಡೆ 'ಚೆನ್ನಾಗಿದೆ' ಎಂದು ಗೀಚಿ ಸುಮ್ಮನಾಗುತ್ತಾರೆ. ಆಗಲೇ ಯಾರದೋ ಹೆಸರು, ಯಾವುದೋ ಅಂಗಡಿಯ ಸೀಲು ಬಿದ್ದಿರುವ ಹಳೆಯ ಪ್ರತಿಯಾದರೆ ಆ ಹಿಂಜರಿಕೆ ಇರುವುದಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಇಂಗ್ಲಿಷ್ ವಿಜ್ಞಾನ ಕಾದಂಬರಿಗಳ ಹಳೆಯ ಪ್ರತಿಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಸುಮಾರು 11 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರದ ಪಾಕೆಟ್ ಗಾತ್ರದವು. ಅಗ್ಗ, ಹಗುರ, ಎಲ್ಲ ಸರಿ, ಆದರೆ ಅಂಚು ಬೆರಳಗಲವೂ ಇರುವುದಿಲ್ಲ, ಒಳ ಅಂಚನ್ನಂತೂ ಬೈಂಡಿಂಗೇ ನುಂಗಿರುತ್ತದೆ. ಅದೇ ಕಾದಂಬರಿ 13 × 20 ಸೆಂ.ಮೀ. ಗಾತ್ರದಲ್ಲಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ. ಕನ್ನಡದ ಪುಸ್ತಕಗಳಲ್ಲಿ ಈ ತೊಂದರೆ ಕಡಿಮೆ. ಡೆಮಿ 1/8 ಆಕಾರ (ಸುಮಾರು 14 × 21.5 ಸೆಂ.ಮೀ.), ಚದರ ಮೀಟರಿಗೆ 70 ಗ್ರಾಂ ತೂಗುವ (70 ಜಿಎಸ್‌ಎಂ) ಮ್ಯಾಪ್ಲಿತೋ ಎಂಬ ಮುದ್ರಣದ ಕಾಗದ ಎಂದರೆ ಬರೆಯಲು ಜಾಗವೂ ಇದೆ, ಉಜ್ಜಿದರೆ ತಡೆಯುವ ಶಕ್ತಿಯೂ ಇದೆ. ಮರುಮುದ್ರಣ ಕಾಣದ, ಮತ್ತೆಲ್ಲೂ ಸಿಗದ ಕಾದಂಬರಿ ಮಾತ್ರ ಈ ಕೆಲಸಕ್ಕೆ ಬೇಡ. ಅಂಥದನ್ನು ಜೋಪಾನ ಮಾಡಬೇಕು, ಅದರಲ್ಲಿ ಬರೆಯಬಾರದು.

ಕೊಳ್ಳುವ ಮೊದಲು ನಡುವಿನ ಪುಟವನ್ನು ನಿಧಾನವಾಗಿ ಬಿಡಿಸಿ. ಬೆನ್ನು 'ಚಟ್' ಎಂದರೆ ಅಂಟು ಒಣಗಿ ಬಿರುಕು ಬಿಟ್ಟಿದೆ, ಎರಡನೆಯ ಓದುಗರ ಕೈಯಲ್ಲೇ ಪುಸ್ತಕ ಎರಡು ತುಂಡಾಗುತ್ತದೆ. ಹಾಳೆ ಹಳದಿ ತಿರುಗಿದ್ದರೆ ಚಿಂತೆಯಿಲ್ಲ. ಆ ಕಾಗದದಲ್ಲಿ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅಂಶ, ಉಳಿದಿರುವುದರಿಂದ ಬೆಳಕಿಗೂ ಗಾಳಿಗೂ ಬಣ್ಣ ತಿರುಗಿಯೇ ತಿರುಗುತ್ತದೆ. ಮೂಲೆ ಮುಟ್ಟಿದರೆ ಹಪ್ಪಳದಂತೆ ಮುರಿಯುವ ಪ್ರತಿ ಬೇಡ. ಕೊನೆಯ ಹದಿನಾರು ಪುಟಗಳ ಸಂಖ್ಯೆಯನ್ನು ಒಂದೊಂದಾಗಿ ನೋಡಿ. ಹಳೆಯ ಪುಸ್ತಕದಲ್ಲಿ ಮೊದಲು ಕಳಚಿ ಹೋಗುವುದು ಮೊದಲ ಮತ್ತು ಕೊನೆಯ ಹಾಳೆಗಳೇ, ಕೊನೆಯ ಹಾಳೆಯಿಲ್ಲದ ಕಾದಂಬರಿಯನ್ನು ಆರು ಜನಕ್ಕೆ ಕಳಿಸುವುದು ಅನ್ಯಾಯ.

ಒಂದೆರಡು ಹಾಳೆ ಕಿತ್ತು ಬಂದಿದ್ದರೆ ಸರಿಮಾಡಬಹುದು. ಬೆಂಕಿಕಡ್ಡಿಯ ತುದಿಗೆ ಬಿಳಿ ಫೆವಿಕಾಲ್ ತಾಗಿಸಿ, ಹಾಳೆಯ ಒಳ ಅಂಚಿಗೆ 1 ಮಿ.ಮೀ. ಗೆರೆಯಷ್ಟೇ ಎಳೆದು, ಜಾಗಕ್ಕೆ ಕೂರಿಸಿ, ಎರಡೂ ಬದಿಗೆ ಬಟರ್ ಪೇಪರ್ ಇಟ್ಟು, ಒಂದು ರಾತ್ರಿ ಭಾರದ ಕೆಳಗಿಡಿ. ಅಂಟು ಹೆಚ್ಚಾದರೆ ಪಕ್ಕದ ಪುಟವೂ ಹಿಡಿದುಕೊಂಡು ಸಾಲಿನ ಮೊದಲ ಅಕ್ಷರಗಳು ಮಾಯವಾಗುತ್ತವೆ. ಸೆಲೋಟೇಪು ಬೇಡವೇ ಬೇಡ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಕಳಚಿ ಬಿದ್ದರೂ ಕಲೆ ಹೋಗುವುದಿಲ್ಲ. ಹುಳು ಇರುವ ಅನುಮಾನವಿದ್ದರೆ ಜಿಪ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಇಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ನೀರು ಕೂರುತ್ತದೆ.

ಬರೆಯಲು ಎಚ್‌ಬಿ ಪೆನ್ಸಿಲು ಮಾತ್ರ. ಜೆಲ್ ಪೆನ್ನಿನ ಶಾಯಿ ಹಳೆಯ ಕಾಗದದಲ್ಲಿ ಹಬ್ಬಿ ಹಿಂಬದಿಗೆ ಮೂಡುತ್ತದೆ. 2ಬಿ ಪೆನ್ಸಿಲು ಎದುರು ಪುಟಕ್ಕೆ ಮಸಿ ಬಳಿಯುತ್ತದೆ, 2ಎಚ್ ಆದರೆ ಕಾಗದ ಗೀರುತ್ತದೆ. ಅಂಟುಚೀಟಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಐವತ್ತು ಚೀಟಿ ಸೇರಿದರೆ ಪುಸ್ತಕದ ದಪ್ಪ ಅರ್ಧ ಸೆಂಟಿಮೀಟರಿನಷ್ಟು ಹೆಚ್ಚಿ, ಮೊದಲೇ ಸೋತ ಬೆನ್ನು ಪೂರ್ತಿ ಬಿಟ್ಟುಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಅಕ್ಷರ ಗೊತ್ತುಮಾಡಿ, ಟಿಪ್ಪಣಿಯ ಕೊನೆಗೆ ಅದನ್ನು ಹಾಕಿದರೆ ಯಾರು ಬರೆದದ್ದೆಂದು ತಿಳಿಯುತ್ತದೆ.

ಇನ್ನು ಮುಖ್ಯವಾದ ಮಾತು. ಒಂದು ಪುಟದಲ್ಲಿ ಬರೆಯುವುದು ಆ ಪುಟದವರೆಗೆ ಓದಿದಾಗ ಅನ್ನಿಸಿದ್ದನ್ನು ಮಾತ್ರ. ಪುಸ್ತಕ ಮುಗಿಸಿ, ವಾಪಸು ಬಂದು, 40ನೆಯ ಪುಟದಲ್ಲಿ ಜಾಣತನದ ಟಿಪ್ಪಣಿ ಹಾಕಬಾರದು. ಊಹೆ ತಪ್ಪಾಗಿದ್ದರೂ ಅಳಿಸಬಾರದು. ವಿಜ್ಞಾನ ಕಾದಂಬರಿಯ ಓದೆಂದರೆ ಬಹುಪಾಲು ಊಹೆಯೇ. ಈ ಲೋಕದ ನಿಯಮವೇನು, ಲೇಖಕರು ಯಾವುದನ್ನು ಬಚ್ಚಿಟ್ಟಿದ್ದಾರೆ ಎಂದು ತಡಕಾಡುವುದು. ನಿಮ್ಮ ತಪ್ಪು ಊಹೆಯ ಕೆಳಗೆ ಇನ್ನೊಬ್ಬರ ಬೇರೆಯೇ ತಪ್ಪು ಊಹೆ ಬಂದು ಕೂತಾಗ ಆ ಪುಟಕ್ಕೆ ಬೆಲೆ ಬರುತ್ತದೆ.

ಬಾಣದ ಗುರುತಿಗೂ ಇದೇ ಕಟ್ಟಳೆ. '→ 31' ಎಂದು ಹಿಂದಿನ ಪುಟಕ್ಕೆ ಬಾಣ ಬಿಡಬಹುದು, ಮುಂದಿನ ಪುಟಕ್ಕೆ ಬಿಡಬಾರದು. 31ನೆಯ ಪುಟದಲ್ಲಿ '→ 210' ಎಂದಿದ್ದರೆ ಒಂದು ಮಾತೂ ಬರೆಯದೆಯೇ ಗುಟ್ಟು ಬಿಟ್ಟುಕೊಟ್ಟಂತೆ. ಇಲ್ಲಿರುವುದು ಮುಂದೆ ಮುಖ್ಯವಾಗಲಿದೆ ಎಂದು ಮುಂದಿನ ಓದುಗರಿಗೆ ತಿಳಿದುಹೋಯಿತು.

ಲೆಕ್ಕದ ಟಿಪ್ಪಣಿಗಳು ಈ ಬಗೆಯ ಓದಿನ ನಿಜವಾದ ರುಚಿ. ಆರ್ಥರ್ ಸಿ. ಕ್ಲಾರ್ಕ್ ಅವರ 1973ರ 'ರಾಂಡೆವೂ ವಿತ್ ರಾಮ'ವನ್ನೇ ತಗೊಳ್ಳಿ. ಅದರಲ್ಲಿ ಬರುವ ರಾಮ, ತನ್ನ ಅಕ್ಷದ ಸುತ್ತ ತಿರುಗುವ ಬೃಹತ್ ಕೊಳವೆಯಂಥ ಅನ್ಯಲೋಕದ ನೌಕೆ, ಒಳಗಿದ್ದವರಿಗೆ ತೂಕ ಅನ್ನಿಸುವುದು ಈ ತಿರುಗುವಿಕೆಯಿಂದಲೇ. ಒಳವ್ಯಾಸ 16 ಕಿ.ಮೀ., ಒಂದು ಸುತ್ತು ತಿರುಗಲು 4 ನಿಮಿಷ. ಒಳಮೈ ಮೇಲೆ ನಿಂತವರಿಗೆ ತೂಕ ಎಷ್ಟು ಅನ್ನಿಸುತ್ತದೆ? 4π² ಅನ್ನು ತ್ರಿಜ್ಯದಿಂದ ಗುಣಿಸಿ, ಸುತ್ತಿನ ಕಾಲದ ವರ್ಗದಿಂದ ಭಾಗಿಸಬೇಕು. ಮೊದಲ ಓದುಗರು ಅವಸರದಲ್ಲಿ 16,000 ಮೀಟರ್ ಹಾಕಿ 'ಭೂಮಿಗಿಂತ ಸ್ವಲ್ಪ ಜಾಸ್ತಿ, 1.1 ಜಿ' ಎಂದು ಬರೆದಾರು (1 ಜಿ ಎಂದರೆ ಭೂಮಿಯ ಮೇಲಿನ ಗುರುತ್ವ). ಎರಡನೆಯವರು ಅದರ ಕೆಳಗೆ 'ಅದು ವ್ಯಾಸ, ತ್ರಿಜ್ಯ 8,000' ಎಂದು ತಿದ್ದಿ, 240ರ ವರ್ಗ 57,600ರಿಂದ ಭಾಗಿಸಿ, 5.5 ಮೀ/ಸೆ² ಎಂದು ಬರೆಯುತ್ತಾರೆ. ಅಂದರೆ ಸುಮಾರು 0.56 ಜಿ. ಭೂಮಿಯಲ್ಲಿ 60 ಕೆ.ಜಿ. ಇರುವವರಿಗೆ ಅಲ್ಲಿ 34 ಕೆ.ಜಿ. ಇದ್ದಂತೆ. ಮೂರನೆಯವರು 'ಹಾಗಾದರೆ ನಡು ಅಕ್ಷದಲ್ಲಿ ತೂಕ ಸೊನ್ನೆ, ಅಲ್ಲಿಂದ ಒಳಮೈಗೆ ಮೆಟ್ಟಿಲಿಳಿದಂತೆ ತೂಕ ಏರುತ್ತಾ ಹೋಗಬೇಕು' ಎನ್ನುತ್ತಾರೆ. ಇಷ್ಟಾದ ಮೇಲೆ ನಾಲ್ಕನೆಯವರು ಆ ಮೆಟ್ಟಿಲಿಳಿಯುವ ಭಾಗವನ್ನು ಬರೀ ಕಣ್ಣಿನಿಂದ ಓದುವುದಿಲ್ಲ, ಮೊಣಕಾಲಿನಿಂದ ಓದುತ್ತಾರೆ.

ಭೌತಶಾಸ್ತ್ರ ಬಲ್ಲವರನ್ನು ಸಾಲಿನ ಕೊನೆಗೆ ಇಡಬೇಕೆನ್ನುವುದು ಇದೇ ಕಾರಣಕ್ಕೆ. ಅವರು ಮೊದಲೇ ಬಂದು 0.56 ಎಂದು ಬರೆದಿಟ್ಟರೆ ಉಳಿದವರು ಪೆನ್ಸಿಲು ಕೆಳಗಿಡುತ್ತಾರೆ. ನಿಧಾನದ ಓದುಗರನ್ನು ನಡುವೆ ಇಡಿ. ಮೊದಲಿಗಿಟ್ಟರೆ ಉಳಿದವರ ಉತ್ಸಾಹ ಆರುತ್ತದೆ, ಕೊನೆಗಿಟ್ಟರೆ ಪುಸ್ತಕ ವಾಪಸು ಬರುವುದೇ ಅನುಮಾನ. 250 ಪುಟಕ್ಕೆ ತಲಾ 21 ದಿನ, ಅಂಚೆಗೆ ಪ್ರತಿ ಸಲ ಐದು ದಿನ ಎಂದು ಹಿಡಿದರೆ ಆರು ಜನಕ್ಕೆ 156 ದಿನ, ಐದು ತಿಂಗಳಿಗೆ ಮೇಲಾಯಿತು. ಏಳನೆಯವರನ್ನು ಸೇರಿಸುವ ಮೊದಲು ಇದನ್ನು ನೆನಪಿಡಿ.

ಇಡೀ ಪುಸ್ತಕದ ಬಗೆಗಿನ ಅಭಿಪ್ರಾಯ ಅಂಚಿಗೆ ಸೇರಿದ್ದಲ್ಲ. ಅದಕ್ಕೊಂದು ಲಕೋಟೆಯನ್ನು ಹಿಂಬದಿಯ ರಟ್ಟಿನ ಒಳಗೆ ಅಂಟಿಸಿ. ಓದಿ ಮುಗಿಸಿದವರು ಒಂದೇ ಹಾಳೆಯಲ್ಲಿ ಬರೆದು, ಮಡಚಿ ಅದರಲ್ಲಿ ಹಾಕಬೇಕು. ಹಾಕಿದ ಮೇಲಷ್ಟೇ ಉಳಿದವರದನ್ನು ಬಿಚ್ಚಿ ಓದಬೇಕು. ಈ ಕ್ರಮ ತಪ್ಪಿದರೆ ಮೊದಲು ಬರೆದವರ ಮಾತೇ ಐದು ಕೈಬರಹಗಳಲ್ಲಿ ವಾಪಸು ಬರುತ್ತದೆ. ಸ್ಟೇಪಲ್ ಪಿನ್ನು ಬೇಡ, ಮಲೆನಾಡಿನ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ. ಒಮ್ಮತ ಸಿಗದ ಪುಸ್ತಕ ಆರಿಸಿದಷ್ಟೂ ಲಕೋಟೆ ತೂಕ ಬರುತ್ತದೆ. ತೇಜಸ್ವಿಯವರ 1980ರ 'ಕರ್ವಾಲೊ'ವನ್ನು ವಿಜ್ಞಾನ ಕಾದಂಬರಿ ಎನ್ನಬಹುದೇ? ಹಾರುವ ಓತಿಯ ಹುಡುಕಾಟವಿದೆ, ವಿಕಾಸವಾದದ ಚರ್ಚೆಯಿದೆ, ಆದರೆ ಯಂತ್ರವೂ ಇಲ್ಲ, ಭವಿಷ್ಯವೂ ಇಲ್ಲ. ನನ್ನ ಮಟ್ಟಿಗೆ ಅದು ವಿಜ್ಞಾನ ಕಾದಂಬರಿಯೇ, ವಿಜ್ಞಾನಿಯ ಕುತೂಹಲವೇ ಅಲ್ಲಿ ಕತೆಯನ್ನು ನಡೆಸುತ್ತದೆ. ಒಪ್ಪದವರು ಲಕೋಟೆಯಲ್ಲಿ ಬರೆದು ಹಾಕಲಿ.

ಕಳಿಸುವಾಗ ಪುಸ್ತಕವನ್ನು ಮೊದಲು ಜಿಪ್ ಚೀಲಕ್ಕೆ ಹಾಕಿ. ಎರಡೂ ಬದಿಗೆ ಪುಸ್ತಕಕ್ಕಿಂತ 1 ಸೆಂ.ಮೀ. ದೊಡ್ಡದಾದ ರಟ್ಟು ಇಟ್ಟು ಸುತ್ತಿ. ರಟ್ಟು ಪುಸ್ತಕದಷ್ಟೇ ಇದ್ದರೆ ಮೂಲೆಗಳು ಜಜ್ಜಿ ಬರುತ್ತವೆ. ಅಂಚೆ ಇಲಾಖೆ 2025ರ ಮೇ 1ರಿಂದ ನಡೆಸುತ್ತಿರುವ ಜ್ಞಾನ ಪೋಸ್ಟ್ 300 ಗ್ರಾಂವರೆಗೆ 20 ರೂಪಾಯಿಯಿಂದ ಶುರುವಾದದ್ದು, ತೆರಿಗೆ ಬೇರೆ. ಆದರೆ ಅದು ಶೈಕ್ಷಣಿಕ, ಸಾಂಸ್ಕೃತಿಕ ಮುದ್ರಿತ ಪುಸ್ತಕಗಳಿಗೆ ಮೀಸಲು, ಖಾಸಗಿ ಪತ್ರ ಒಳಗಿಡುವಂತಿಲ್ಲ. ಲಕೋಟೆಯಲ್ಲಿ ಆರು ಜನರ ಕೈಬರಹ ಇಟ್ಟುಕೊಂಡ ಕಾದಂಬರಿಗೆ ಸ್ಪೀಡ್ ಪೋಸ್ಟೇ ಸರಿಯಾದ ದಾರಿ.

ಪುಸ್ತಕ ಸುತ್ತು ಮುಗಿಸಿ ಮೊದಲ ಓದುಗರ ಕೈಗೆ ಬಂದಾಗ ಅವರು ಎರಡನೆಯ ಓದು ಶುರುಮಾಡಬೇಕು. ಈ ಸಲ ತಮ್ಮ ಅಕ್ಷರದ ಕೆಳಗೊಂದು ಅಡ್ಡಗೆರೆ ಎಳೆದರೆ ಎರಡನೆಯ ಓದಿನ ಟಿಪ್ಪಣಿ ಎಂದು ತಿಳಿಯುತ್ತದೆ. ಮುಂದಿನ ಪುಟದ ಕಡೆಗೆ ಬಾಣ ಬಿಡುವ ಹಕ್ಕು ಬರುವುದೂ ಆಗಲೇ.