12 ಚೀಲ, 12 ಕಿಲೋ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾನು ಗುಮಾಸ್ತನಾಗಿ ಸೇರಿದ ಮೊದಲ ವರ್ಷದ ಮಾತು. ಅಡಿಕೆಯ ತರಗಳಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಆಗಷ್ಟೇ ಕಣ್ಣಿಗೆ ಹತ್ತತೊಡಗಿತ್ತು. ಮಾತಿಗೊಂದು ಗಾದೆ ಹೇಳುವ ಚಟ ಅಜ್ಜಿಯಿಂದ ಬಂದಿತ್ತು. ಅಜ್ಜಿ ಎಲ್ಲಿ ಸುಮ್ಮನಿರುತ್ತಿದ್ದಳು ಎಂಬುದನ್ನು ಮಾತ್ರ ಕಲಿತಿರಲಿಲ್ಲ.

ತೀರ್ಥಹಳ್ಳಿ ಕಡೆಯ ಹಿರಿಯ ಗೌಡರೊಬ್ಬರು 12 ಚೀಲ ರಾಶಿ ತಂದಿದ್ದರು. ನಾನು ಬರೆದುಕೊಟ್ಟ ಪಟ್ಟಿಯನ್ನು ನೋಡಿ, "12 ಕಿಲೋ ಕಡಿಮೆ ಇದೆಯಲ್ಲ ಮಾರಾಯ, ನಿನ್ನೆ ಮನೆಯಲ್ಲಿ ತೂಗಿಯೇ ತಂದದ್ದು" ಎಂದರು.

"ಸರಿಯಾಗಿ ಒಣಗಿಸದೆ ತಂದರೆ ತೂಕ ಇಳಿಯುತ್ತದೆ ಗೌಡರೇ" ಎಂದೆ. ಬೆಳಗಾಗುವಷ್ಟರಲ್ಲಿ 12 ಕಿಲೋ ನೀರು ಆರುತ್ತದೆಯೇ ಎಂದು ಯೋಚಿಸಲಿಲ್ಲ. ಅವರ ದನಿ ಏರಿತು. ನಾನು, "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ" ಎಂದುಬಿಟ್ಟೆ. ಸುತ್ತ ಐದಾರು ಬೆಳೆಗಾರರಿದ್ದರು. ಒಬ್ಬ ಹಮಾಲಿ ನಕ್ಕ.

ಆ ಗಾದೆಯ ಕ್ರೌರ್ಯ ನೋಡಿ. ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಅಲ್ಲ ಎಂದರೆ ಹೆಗಲು ಮುಟ್ಟಿಕೊಂಡಂತೆ. ಹೇಳಿದವನು ಮಾತ್ರ ಯಾರನ್ನೂ ಕಳ್ಳ ಎಂದಿಲ್ಲ, ಬರೀ ಗಾದೆ ಹೇಳಿದ್ದಾನೆ! ಗೌಡರು ಸಹಿ ಹಾಕಿ, ದುಡ್ಡು ಎಣಿಸಿಕೊಳ್ಳದೆ ಹೋದರು.

ಸಂಜೆ ಹಿರಿಯ ಗುಮಾಸ್ತರು ಪುಸ್ತಕ ತಿರುವಿದರು. ತೂಕದ ಚೀಟಿಯಲ್ಲಿ ಗೋಣಿಚೀಲದ ತೂಕವನ್ನು ಆಗಲೇ ಕಳೆದಾಗಿತ್ತು. ಚೀಲಕ್ಕೊಂದು ಕಿಲೋದಂತೆ ನಾನು ಮತ್ತೊಮ್ಮೆ ಕಳೆದಿದ್ದೆ. ಅವರು ಬೈಯಲಿಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ತಮ್ಮಾ" ಎಂದು ಪುಸ್ತಕ ಮುಚ್ಚಿದರು. ಗಾದೆಯ ಅಡಿಕೆ ಕವಳಕ್ಕೆ, ಅಂದರೆ ಎಲೆಯಡಿಕೆಗೆ, ಹಾಕುವ ಒಂದೇ ಒಂದು ಅಡಿಕೆ, ಕ್ಷುಲ್ಲಕ ವಸ್ತು. ಕ್ವಿಂಟಲ್ ಲೆಕ್ಕದ ನಮ್ಮ ಮಂಡಿಯಲ್ಲಿ ಅದು ಹೊಂದುವುದಿಲ್ಲ ಎಂದು ಮೊದಲೆಲ್ಲ ತಮಾಷೆ ಮಾಡುತ್ತಿದ್ದವನು ನಾನೇ.

ಭಾನುವಾರ ಬಾಕಿ ಹಣ ಹಿಡಿದು ಅವರ ಮನೆಗೆ ಹೋದೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು, ಹಂಡೆಯ ಕಡೆಯಿಂದ ಅಡಿಕೆ ಬೆಂದ ರಸದ, ಅಂದರೆ ಚೊಗರಿನ, ವಾಸನೆ. ತಪ್ಪು ನನ್ನದು ಎಂದೆ. ಅವರು ಈ ಸಲ ಹಣವನ್ನು ಎರಡು ಬಾರಿ ಎಣಿಸಿದರು. ಕಾಫಿ ಬಂತು. ಕವಳದ ತಟ್ಟೆಯನ್ನು ನನ್ನತ್ತ ಸರಿಸಿ, "ತೆಗೆದುಕೊಳ್ಳಿ, ಇದನ್ನು ತೂಗಿಲ್ಲ" ಎಂದರು. ಮಾರಾಯ ಎನ್ನಲಿಲ್ಲ.

ಈಗ ಪಟ್ಟಿ ಬರೆಯುವ ಮೊದಲು ತೂಕದ ಚೀಟಿಯನ್ನು ಬೆಳೆಗಾರರಿಗೆ ಓದಿ ಹೇಳುತ್ತೇನೆ. ಗಾದೆಯ ಚಟ ಪೂರ್ತಿ ಬಿಟ್ಟಿಲ್ಲ, ಕುಂಬಳಕಾಯಿಯದೊಂದನ್ನು ಬಿಟ್ಟಿದ್ದೇನೆ. ಗೌಡರ ಅಡಿಕೆ ಇಂದಿಗೂ ನಮ್ಮ ಬಾಗಿಲು ದಾಟಿ ಮುಂದಿನ ಮಂಡಿಗೆ ಹೋಗುತ್ತದೆ.