ಕೊನೇ ಪಂಕ್ತಿಯಲ್ಲಿ ಹಾಲಿವುಡ್ ಊಟ

ಪ್ಯಾಂಟು ನಾಲ್ಕು ಬೆರಳು ಉದ್ದ ಇತ್ತು. ಬಾಡಿಗೆ ಅಂಗಡಿಯವರು ಯಾರದೋ ಅಳತೆಯದನ್ನು ಮಡಚಿ ಚೀಲಕ್ಕೆ ಹಾಕಿ ಕೊಟ್ಟಿದ್ದರು. ನಾನೂ ಬಿಚ್ಚಿ ನೋಡಿರಲಿಲ್ಲ. ಗೊತ್ತಾಗಿದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಂಗಡಿಗೆ ರಜಾ. ಒಂದೂವರೆಗೆ ಮನೆ ಬಿಡಬೇಕು.

ಅಜ್ಜಿ ಒಂದು ಮಾತೂ ಆಡಲಿಲ್ಲ. ಸೂಟ್‌ಕೇಸಿನಿಂದ ಸೂಜಿ ದಾರದ ಡಬ್ಬಿ ತೆಗೆದಳು. ಹಳೇ ಬಿಸ್ಕತ್ ಡಬ್ಬಿ, ಹಾಸನದಿಂದ ಬಂದದ್ದು. ಅವಳಿಗೆ ಮಂಡಿನೋವು, ಬಗ್ಗೋಕಾಗಲ್ಲ. ಹಾಗಾಗಿ ನನ್ನನ್ನೇ ಊಟದ ಮೇಜಿನ ಮೇಲೆ ಹತ್ತಿಸಿ ನಿಲ್ಲಿಸಿದಳು. ಕಪ್ಪು ದಾರ ಬಲಗಾಲಿಗೇ ಮುಗಿದುಹೋಯಿತು. ಎಡಗಾಲಿಗೆ ನೀಲಿ ದಾರ.

“ಕಾಣುತ್ತೆ ಅಜ್ಜಿ.”

“ಮೇಜಿನ ಕೆಳಗೆ ಬಗ್ಗಿ ಯಾರು ನೋಡ್ತಾರೋ? ಸುಮ್ನೆ ನಿಂತ್ಕೋ.”

ಅವತ್ತು 2020ರ ಜನವರಿ 5. ಅಮೆರಿಕದ ಬೆವರ್ಲಿ ಹಿಲ್ಟನ್ ಹೋಟೆಲಿನಲ್ಲಿ 77ನೇ ಗೋಲ್ಡನ್ ಗ್ಲೋಬ್, ಸಿನಿಮಾ ಮತ್ತು ಟೀವಿಯವರಿಗೆ ಕೊಡುವ ಪ್ರಶಸ್ತಿ. ನನಗೆ ಹದಿನಾರು ವರ್ಷ.

ನಾನು ಅಲ್ಲಿಗೆ ಹೋಗಿದ್ದೇ ಒಂದು ಆಕಸ್ಮಿಕ. ಚಿಕ್ಕಮ್ಮನಿಗೆ ಅಕ್ಟೋಬರ್‌ನಲ್ಲಿ ಮಗು ಆಗಿತ್ತು. ಅಜ್ಜಿಯ ವೀಸಾ ತಡವಾಗಿ ಡಿಸೆಂಬರ್‌ನಲ್ಲಿ ಸಿಕ್ಕಿತು. ಅಷ್ಟು ದೂರ ಒಬ್ಬಳನ್ನೇ ಕಳಿಸೋದು ಹೇಗೆ? ಅಪ್ಪನಿಗೆ ರಜೆ ಇಲ್ಲ, ಅಮ್ಮನಿಗೆ ಸ್ಕೂಲು. “ಇವನದು ಫಸ್ಟ್ ಪಿಯುಸಿ ತಾನೇ, ಮೂರು ವಾರ ಹೋದ್ರೆ ಏನೂ ಮುಳುಗಲ್ಲ” ಅಂತ ನನ್ನನ್ನು ಜೊತೆ ಮಾಡಿದರು. ಬೆಂಗಳೂರಿನಿಂದ ದುಬೈ, ಅಲ್ಲಿಂದ ಹದಿನಾರು ಗಂಟೆ ಒಂದೇ ಸಮನೆ. ಅಜ್ಜಿ ಅಷ್ಟೂ ಹೊತ್ತು ಸೀಟ್‌ಬೆಲ್ಟ್ ಬಿಚ್ಚಲಿಲ್ಲ.

ಚಿಕ್ಕಮ್ಮ ಇರೋದು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನಲ್ಲಿ. ಕೆಲಸ ಅನಿಮೇಷನ್ ಸ್ಟುಡಿಯೋದಲ್ಲಿ, ಲೈಟಿಂಗ್ ವಿಭಾಗ. ಚಿತ್ರದೊಳಗಿನ ಬಿಸಿಲು, ನೆರಳು, ದೀಪದ ಬೆಳಕು ಎಲ್ಲಿ ಎಷ್ಟು ಬೀಳಬೇಕು ಅಂತ ನೋಡೋದು ಅವಳ ಕೆಲಸ. ಆ ವರ್ಷ ಅವರ ಸಿನಿಮಾ ನಾಮಿನೇಷನ್ ಪಟ್ಟಿಯಲ್ಲಿತ್ತು. ಮುಂದಿನ ಸೀಟೆಲ್ಲ ದೊಡ್ಡವರಿಗೆ. ಹಿಂದೆ ಉಳಿದ ಒಂದೆರಡಕ್ಕೆ ಆಫೀಸಿನಲ್ಲಿ ಚೀಟಿ ಎತ್ತಿದರು. ಚಿಕ್ಕಮ್ಮನ ಹೆಸರು ಬಂತು, ಜೊತೆಗೆ ಒಬ್ಬರನ್ನು ಕರೆತರಬಹುದು. ಹೋಗಬೇಕಾಗಿದ್ದವರು ಚಿಕ್ಕಪ್ಪ. ಆದರೆ ಮಗುವಿಗೆ ಜ್ವರ ಬಂದು, ಆ ಮನೆಯ ಒಲೆ, ಬಾಟಲಿ ಕುದಿಸೋ ಮೆಷಿನ್ನು ಅಜ್ಜಿಗೆ ಬಗ್ಗದೆ, ಚಿಕ್ಕಪ್ಪ ಉಳಿದರು. ಅವರ ಮುಖ ನೋಡಿದರೆ ಬೇಜಾರಾದ ಹಾಗೆ ಕಾಣಲಿಲ್ಲ. “ನನಗೆ ಕೋಟು ಆಗಿಬರಲ್ಲ ಕಣೋ, ನೀನೇ ಹೋಗು” ಅಂದರು. ನನ್ನ ಪಾಸ್‌ಪೋರ್ಟ್ ವಿವರ ಕಳಿಸಿ ಹೆಸರು ಬದಲಾಯಿಸಿದ್ದಾಯಿತು.

ಅದರ ಹಿಂದಿನ ದಿನ ಊರು ತೋರಿಸಲು ಕರೆದುಕೊಂಡು ಹೋಗಿದ್ದರು. ಗ್ರಿಫಿತ್ ಅಬ್ಸರ್ವೇಟರಿಯಿಂದ ಹಾಲಿವುಡ್ ಬೋರ್ಡು ಕಾಣಿಸುತ್ತದೆ. ಅದನ್ನು ಸಿನಿಮಾದವರು ಹಾಕಿದ್ದಲ್ಲ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. 1923ರಲ್ಲಿ ಸೈಟು ಮಾರುವವರು ತಮ್ಮ ಲೇಔಟಿನ ಜಾಹೀರಾತಿಗೆ ‘ಹಾಲಿವುಡ್‌ಲ್ಯಾಂಡ್’ ಅಂತ ಗುಡ್ಡದ ಮೇಲೆ ನಿಲ್ಲಿಸಿದ್ದು. 1949ರಲ್ಲಿ ‘ಲ್ಯಾಂಡ್’ ಕಿತ್ತು ಉಳಿದದ್ದನ್ನು ರಿಪೇರಿ ಮಾಡಿದರಂತೆ. ನಮ್ಮ ಕನಕಪುರ ರಸ್ತೆಯಲ್ಲಿ ಇಂಥ ಬೋರ್ಡು ಎಷ್ಟಿಲ್ಲ! ಆಮೇಲೆ ಹಾಲಿವುಡ್ ಬೌಲೆವಾರ್ಡ್. ಅಲ್ಲಿ ಫುಟ್‌ಪಾತಿನ ತುಂಬ ನಕ್ಷತ್ರ, ನಕ್ಷತ್ರದೊಳಗೆ ಹೆಸರು, ಹೆಸರಿನ ಮೇಲೆ ಯಾರೋ ಚೆಲ್ಲಿದ ಕೋಲಾ. ಎದುರಿಗೆ ರೂಸ್‌ವೆಲ್ಟ್ ಹೋಟೆಲು. ಮೊದಲ ಆಸ್ಕರ್ ನಡೆದದ್ದು ಅದರೊಳಗಿನ ಬ್ಲಾಸಮ್ ರೂಮಿನಲ್ಲಿ, 1929ರ ಮೇ 16ರಂದು. ಅದೂ ಊಟದ ಕೂಟವೇ. ಟಿಕೆಟ್ಟು 5 ಡಾಲರ್, ಸುಮಾರು 270 ಜನ. ಪ್ರಶಸ್ತಿ ಹಂಚಿ ಮುಗಿಸಿದ್ದು ಹದಿನೈದು ನಿಮಿಷದಲ್ಲಿ. ಆಗಿನವರಿಗೆ ಊಟದ ಬೆಲೆ ಗೊತ್ತಿತ್ತು ಅನ್ನಿಸುತ್ತದೆ.

ಭಾನುವಾರಕ್ಕೆ ಬರೋಣ. ಚಿಕ್ಕಮ್ಮ ನೇರಳೆ ಬಣ್ಣದ ಮೈಸೂರು ಸಿಲ್ಕ್ ಉಟ್ಟಿದ್ದಳು. ಅದರ ಮೇಲೆ ಕಾಣದ ಹಾಗೆ ಏಳೆಂಟು ಪಿನ್ನು. ಬರ್ಬ್ಯಾಂಕಿನಿಂದ ಬೆವರ್ಲಿ ಹಿಲ್ಸ್‌ಗೆ ಒಂದು ಗುಡ್ಡ ದಾಟಬೇಕು. ಕೋಲ್ಡ್‌ವಾಟರ್ ಕ್ಯಾನ್ಯನ್ ರಸ್ತೆ ತಿರುವು ತಿರುವಾಗಿದೆ. ಅಲ್ಲಿನವರು ಅದಕ್ಕೇ ಹೆದರುತ್ತಾರೆ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಹೋದವರಿಗೆ ಅದೇನು ಮಹಾ.

ಹೋಟೆಲಿನ ಸುತ್ತ ರಸ್ತೆ ಮುಚ್ಚಿದ್ದರು. ಕಾರಿನ ಡಿಕ್ಕಿ ತೆಗೆಸಿದರು, ನಾಯಿ ಮೂಸಿತು, ಹೆಸರು ಕೇಳಿದರು, ಪಾಸ್‌ಪೋರ್ಟ್ ನೋಡಿದರು. ಮುಂದೆ ಹೋಗಿ ಮತ್ತೆ ಹೆಸರು, ಮತ್ತೆ ಪಾಸ್‌ಪೋರ್ಟ್. ನನ್ನ ತಾತನ ಹೆಸರು ಸೇರಿದ ಉದ್ದ ಹೆಸರನ್ನು ಆ ಹೆಂಗಸು ಮೂರು ಸಲ ಪ್ರಯತ್ನಪಟ್ಟು ಕೊನೆಗೆ “ಹನೀ” ಅಂತ ಕರೆದು ಒಳಗೆ ಬಿಟ್ಟರು.

ರೆಡ್ ಕಾರ್ಪೆಟ್ ಮೇಲೆ ನಡೆದೆಯಾ ಅಂತ ಊರಿನಲ್ಲಿ ಇವತ್ತಿಗೂ ಕೇಳುತ್ತಾರೆ. ನಡೆದೆ. ಆದರೆ ಹಗ್ಗದ ಈಚೆ. ಆಚೆ ಕ್ಯಾಮೆರಾದವರು, ಸ್ಟಾರ್‌ಗಳು. ಈಚೆ ನಮ್ಮಂಥವರು ಸಾಲಾಗಿ. ನಿಲ್ಲಬೇಡಿ, ಫೋಟೋ ಬೇಡ, ಮುಂದೆ ಹೋಗಿ ಅಂತ ಒಬ್ಬ ಹಿಂದಿನಿಂದ ಹೇಳುತ್ತಲೇ ಇದ್ದ. ತಿರುಪತಿಯಲ್ಲಿ “ಜರಗಂಡಿ ಜರಗಂಡಿ” ಅಂತಾರಲ್ಲ, ಅದೇ. ಬೇಲಿಯಾಚೆ ಹೆಸರು ಕೂಗುವ ಫೋಟೋಗ್ರಾಫರ್‌ಗಳ ಗದ್ದಲದಲ್ಲಿ ಒಬ್ಬ ನಟಿಯ ಬೆನ್ನು, ಇನ್ನೊಬ್ಬರ ಬೂಟು ಕಂಡಿತು. ದರ್ಶನ ಮುಗಿಯಿತು.

ಒಳಗಿನ ಹಾಲ್ ನೋಡಿ ಮೋಸ ಹೋದ ಹಾಗಾಯಿತು. ಇಂಟರ್‌ನ್ಯಾಷನಲ್ ಬಾಲ್‌ರೂಮ್ ಅಂತ ಹೆಸರು. ಎಷ್ಟೋ ವರ್ಷಗಳಿಂದ ಈ ಪ್ರಶಸ್ತಿಗೆ ಅದೇ ಮನೆ. ಟೀವಿಯಲ್ಲಿ ಸಮುದ್ರದ ಹಾಗೆ ಕಾಣುತ್ತದೆ, ಎದುರಿಗೆ ನೋಡಿದರೆ ದೊಡ್ಡದೊಂದು ಕಲ್ಯಾಣ ಮಂಟಪ. ಅದಕ್ಕೆ ಸುಮಾರು 1,300 ಜನರನ್ನು ತುರುಕುತ್ತಾರೆ. ನಡುವಿನ ತಗ್ಗಿನಲ್ಲಿ ಸ್ಟಾರ್‌ಗಳ ಮೇಜು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಉಳಿದವರು. ಕುರ್ಚಿಗೆ ಕುರ್ಚಿ ತಾಗುತ್ತದೆ. ಗೆದ್ದವರು ವೇದಿಕೆಗೆ ಹೋಗಲು ಯಾಕೆ ಅಷ್ಟು ಹೊತ್ತು ತಗೋತಾರೆ ಅಂತ ಅವತ್ತು ಅರ್ಥವಾಯಿತು. ದಾರಿಯೇ ಇಲ್ಲ. ನಮ್ಮ ಮೇಜು ಎಲ್ಲಕ್ಕಿಂತ ಹಿಂದೆ, ಅಡುಗೆಮನೆ ಬಾಗಿಲ ಪಕ್ಕ. ಮದುವೆಮನೆಯಲ್ಲಾದರೆ ಅದು ಒಳ್ಳೇ ಜಾಗ, ಬಿಸಿಬಿಸಿ ಬರುತ್ತೆ. ಇಲ್ಲಿ ತಟ್ಟೆಗಳು ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದವು.

ಊಟದ ಬಗ್ಗೆ ನನಗೆ ಭಯ ಇತ್ತು. ನಾವು ಮೊಟ್ಟೆಯನ್ನೂ ಮುಟ್ಟದವರು. ಅಜ್ಜಿ ನನ್ನ ಕೋಟಿನ ಜೇಬಿಗೆ ಎರಡು ಕೋಡುಬಳೆ ಪೇಪರಿನಲ್ಲಿ ಸುತ್ತಿ ಹಾಕಿದ್ದಳು. ಆದರೆ ಮೂರು ದಿನದ ಹಿಂದೆ ಸುದ್ದಿ ಬಂದಿತ್ತು. ಈ ವರ್ಷ ಊಟ ಪೂರ್ತಿ ಸಸ್ಯಾಹಾರ. ಹಾಲು ತುಪ್ಪ ಕೂಡ ಇಲ್ಲ. ಭೂಮಿಯ ಬಿಸಿ ಏರುತ್ತಿರುವುದರ ಕಡೆ ಜನರ ಗಮನ ಸೆಳೆಯಲು ಹಾಗೆ ಮಾಡಿದ್ದು. ಮೊದಲು ಮೀನಿನ ಊಟ ಅಂತ ಇದ್ದದ್ದನ್ನು ಕೊನೇ ಗಳಿಗೆಯಲ್ಲಿ ಬದಲಾಯಿಸಿದರಂತೆ. ನೀರು ಸಹ ಗಾಜಿನ ಬಾಟಲಿಯಲ್ಲಿ. ಗೋಲ್ಡನ್ ಗ್ಲೋಬ್ ಇತಿಹಾಸದಲ್ಲಿ ಹಾಸನದ ಹುಡುಗ ಧೈರ್ಯವಾಗಿ ಉಣ್ಣಬಹುದಾದ ಮೊದಲ ವರ್ಷ ಅಂತ ಚಿಕ್ಕಮ್ಮ ನಕ್ಕಳು.

ಮೊದಲು ಬಂದದ್ದು ಹಳದಿ ಬೀಟ್‌ರೂಟಿನ ಸೂಪು. ತಣ್ಣಗಿತ್ತು. ಆರಿಹೋಗಿದೆ ಅಂದುಕೊಂಡೆ, ಮಾಡಿರೋದೇ ಹಾಗಂತೆ. ಆಮೇಲೆ ತಟ್ಟೆಯಲ್ಲಿ ಅನ್ನದ ಥರದ್ದು, ಗಂಜಿಗಿಂತ ಗಟ್ಟಿ, ಪೊಂಗಲ್‌ಗಿಂತ ತೆಳು. ಗೋಲಿ ಗಾತ್ರದ ಎಲೆಕೋಸು. ಮೇಲೆ ಬೆಳ್ಳಗೆ ದುಂಡಗಿನ ಬಿಲ್ಲೆಗಳು, ಎರಡೂ ಕಡೆ ಕಂದು ಬರುವ ಹಾಗೆ ಸುಟ್ಟದ್ದು. ಒಂದು ತಿಂದೆ. ಮೆತ್ತಗೆ, ಬೆಣ್ಣೆಯ ಹಾಗೆ, ಆದರೆ ಜಗಿದರೆ ಜಗ್ಗುತ್ತೆ. ರುಚಿ ಅಂದರೆ ರುಚಿ. ಇನ್ನೊಂದು ತಿಂದೆ.

“ಏನ್ ಚಿಕ್ಕಮ್ಮ ಇದು?”

“ಅಣಬೆ.”

ನಮ್ಮನೆಯಲ್ಲಿ ಅಣಬೆ ಹೊಸಿಲು ದಾಟಿಲ್ಲ. ಅಜ್ಜಿಯ ಲೆಕ್ಕದಲ್ಲಿ ಅದು ಮಾಂಸದ ಚಿಕ್ಕಪ್ಪನ ಮಗ. ನಾನು ಫೋರ್ಕ್ ಕೆಳಗಿಟ್ಟೆ. ಚಿಕ್ಕಮ್ಮ ನನ್ನ ಮುಖ ನೋಡಿ, ತನ್ನ ತಟ್ಟೆಯ ಇನ್ನೆರಡು ಬಿಲ್ಲೆ ನನ್ನ ತಟ್ಟೆಗೆ ಜರುಗಿಸಿದಳು. “ಅಜ್ಜಿಗೆ ಹೇಳ್ಬೇಡ” ಅಂದಳು. ಅವಳು ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು.

ಐದು ಗಂಟೆಗೆ ನೇರಪ್ರಸಾರ. ಅದರೊಳಗೆ ಊಟ ಮುಗಿದಿರಬೇಕು, ಕ್ಯಾಮೆರಾ ಮುಂದೆ ಬಡಿಸುವಂತಿಲ್ಲ. ನಾಲ್ಕೂಮುಕ್ಕಾಲಿಗೆ ಬಂದು ಅರ್ಧ ತಿಂದ ತಟ್ಟೆಯನ್ನೇ ಎತ್ತಿಕೊಂಡು ಹೋದರು. ಅಲ್ಲಿಂದ ಮೂರು ಗಂಟೆ ಕಾಲ ಅದು ಊಟದ ಮನೆಯಲ್ಲ, ಶೂಟಿಂಗ್ ಸೆಟ್ಟು. ಜಾಹೀರಾತು ಬಂದ ತಕ್ಷಣ ಇಡೀ ಹಾಲ್ ಎದ್ದು ನಿಲ್ಲುತ್ತದೆ. ಅಪ್ಪಿಕೊಳ್ಳೋದು, ಬಾರ್ ಕಡೆ ಓಡೋದು, ಬಾತ್‌ರೂಮಿಗೆ ಕ್ಯೂ. ಮತ್ತೆ ಮೈಕಿನಲ್ಲಿ ಕೂತ್ಕೊಳ್ಳಿ ಕೂತ್ಕೊಳ್ಳಿ. ಯಾರೂ ಕೇಳುವುದಿಲ್ಲ. ನಿರೂಪಕ ರಿಕಿ ಜರ್ವೇಸ್ ಅವರ ಜೋಕುಗಳಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದ ಅರ್ಧಕ್ಕೆ ಚಿಕ್ಕಮ್ಮನ ಪಕ್ಕ ಕೂತು ನಗುವ ಹಾಗಿರಲಿಲ್ಲ.

ಇಷ್ಟೆಲ್ಲ ನಡೆಸುತ್ತಿದ್ದದ್ದು ಬೇರೆ ದೇಶಗಳ ಪತ್ರಿಕೆಗಳಿಗೆ ಹಾಲಿವುಡ್ ಸುದ್ದಿ ಬರೆಯುವವರ ಒಂದು ಸಂಘ. 1943ರಲ್ಲಿ ಶುರುವಾದದ್ದು. ಓಟು ಹಾಕುವವರು ಬರೀ 90ರ ಆಸುಪಾಸು. ನಮ್ಮೂರ ಹಾಲಿನ ಸೊಸೈಟಿ ಎಲೆಕ್ಷನ್ನಿನಲ್ಲಿ ಇದಕ್ಕಿಂತ ಜಾಸ್ತಿ ಓಟು ಬೀಳುತ್ತವೆ. ಮುಂದಿನ ವರ್ಷ ಆ ಸಂಘದಲ್ಲಿ ಒಬ್ಬ ಕಪ್ಪು ಸದಸ್ಯರೂ ಇಲ್ಲ ಅನ್ನೋದು ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. 2023ರಲ್ಲಿ ಸಂಘವೇ ಮುಚ್ಚಿತು. ಪ್ರಶಸ್ತಿ ಮಾತ್ರ ಬೇರೆಯವರ ಕೈಗೆ ಹೋಗಿ ನಡೆಯುತ್ತಿದೆ.

ನಮ್ಮ ಮೇಜಿನವರು ಕಾಯುತ್ತಿದ್ದದ್ದು ಅನಿಮೇಷನ್ ಪ್ರಶಸ್ತಿಗೆ. ಪಟ್ಟಿಯಲ್ಲಿ ಲೋಕವೆಲ್ಲ ನೋಡಿದ ದೊಡ್ಡ ದೊಡ್ಡ ಸಿನಿಮಾಗಳಿದ್ದವು. ಗೆದ್ದದ್ದು ‘ಮಿಸ್ಸಿಂಗ್ ಲಿಂಕ್’, ದುಡ್ಡು ಮಾಡದೆ ಸೋತಿದ್ದ ಸಿನಿಮಾ. ಗೆದ್ದ ನಿರ್ದೇಶಕರಿಗೇ ನಂಬಿಕೆ ಬಂದ ಹಾಗಿರಲಿಲ್ಲ. ನಮ್ಮ ಮೇಜಿನಲ್ಲಿ ಒಂದು ಕ್ಷಣ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಚಿಕ್ಕಮ್ಮನ ಕಡೆ ತಿರುಗಿದೆ. ಅವಳು ಎದ್ದು ನಿಂತಿದ್ದಳು. ಬಳೆ ಸದ್ದಾಗುವಷ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. “ನಮ್ಮದು ಕಂಪ್ಯೂಟರ್ ಕಣೋ. ಅವರು ಗೊಂಬೆನ ಕೈಯಲ್ಲಿ ಒಂದೊಂದು ಕೂದಲೆಳೆ ಜರುಗಿಸ್ತಾರೆ, ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು. ಗೊತ್ತಾ ನಿಂಗೆ?” ಅಂದಳು. ಕಂಪ್ಯೂಟರಿನಲ್ಲಿ ಮಾಡದ ಸಿನಿಮಾ ಆ ವಿಭಾಗದಲ್ಲಿ ಗೆದ್ದದ್ದು ಅದೇ ಮೊದಲು. ಅವಳು ಕೂತ ಮೇಲೆ ಮೇಜಿನ ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ನನಗೆ ಇನ್ನೂ ಕಿವಿಯಲ್ಲಿರೋದು ಕೊರಿಯಾದ ನಿರ್ದೇಶಕ ಬೊಂಗ್ ಜೂನ್-ಹೊ ಅವರ ಮಾತು. ‘ಪ್ಯಾರಸೈಟ್’ಗೆ ವಿದೇಶಿ ಭಾಷೆಯ ಸಿನಿಮಾ ಪ್ರಶಸ್ತಿ ಬಂದಿತ್ತು. ಅವರು ಕೊರಿಯನ್ ಭಾಷೆಯಲ್ಲೇ ಮಾತಾಡಿದರು, ಪಕ್ಕದಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಹೇಳಿದರು. ಸಬ್‌ಟೈಟಲ್ ಅನ್ನೋ ಒಂದಿಂಚು ಎತ್ತರದ ಅಡ್ಡಗೋಡೆ ದಾಟಿದರೆ ಇನ್ನೂ ಎಷ್ಟೋ ಒಳ್ಳೆಯ ಸಿನಿಮಾ ಸಿಗುತ್ತವೆ ಅಂತ. ಹಾಲ್ ಗುಡುಗಿತು. ನನಗೆ ಇದರಲ್ಲೇನಿದೆ ಅನ್ನಿಸಿತು. ನಮ್ಮಜ್ಜಿ ಸಬ್‌ಟೈಟಲ್ ಇಲ್ಲದೆಯೇ ತೆಲುಗು, ತಮಿಳು, ಹಿಂದಿ ಎಲ್ಲ ನೋಡಿ ಮುಗಿಸುತ್ತಾಳೆ. ಆ ಒಂದಿಂಚನ್ನು ಹತ್ತಲಾರದವರು ಇದ್ದಾರೆ ಅನ್ನೋದೇ ನನಗೆ ಹೊಸ ವಿಷಯ.

ನಟ ವಾಕಿನ್ ಫೀನಿಕ್ಸ್ ಪ್ರಶಸ್ತಿ ತಗೊಂಡು ಮೊದಲು ಥ್ಯಾಂಕ್ಸ್ ಹೇಳಿದ್ದೇ ಊಟಕ್ಕೆ. ಸುಮ್ಮನೆ ಖಾಸಗಿ ವಿಮಾನದಲ್ಲಿ ಓಡಾಡೋದನ್ನು ಬಿಡೋಣ ಅಂತಲೂ ಅಂದರು. ಹದಿನಾರು ಗಂಟೆ ವಿಮಾನದಲ್ಲಿ ಬಂದ ನಾನು ಕಾಲು ಒಳಗೆ ಎಳೆದುಕೊಂಡೆ. ಹಾಡುಗಾರ ದಂಪತಿ ಬಿಯಾನ್ಸೆ, ಜೇ-ಝೀ ತಡವಾಗಿ ಬಂದರಂತೆ, ತಮ್ಮದೇ ಶಾಂಪೇನ್ ತಂದಿದ್ದರಂತೆ. ನೀರು ಖಾಲಿಯಾದ ಪಕ್ಕದ ಮೇಜಿನ ನಟಿ ರೀಸ್ ವಿದರ್‌ಸ್ಪೂನ್ ಅದನ್ನೇ ಕೇಳಿ ಕುಡಿದರಂತೆ. ಎಲ್ಲ ‘ಅಂತೆ’. ಅದೇ ಹಾಲ್‌ನಲ್ಲಿದ್ದೂ ನಾನು ಮರುದಿನ ಫೋನಿನಲ್ಲಿ ಓದಿದ್ದು.

ಎಂಟೂಕಾಲರ ಹೊತ್ತಿಗೆ ನನ್ನ ಎಡಗಾಲಿನ ಹೊಲಿಗೆ ಬಿಟ್ಟಿತು. ನೀಲಿ ದಾರ ಬೂಟಿನ ಹಿಂದೆ ಎಳೆಯುತ್ತಾ ಬಂತು. ಚಿಕ್ಕಮ್ಮ ಸೀರೆಯಿಂದ ಒಂದು ಪಿನ್ನು ಕಿತ್ತು ಕೊಟ್ಟಳು.

ಮನೆಗೆ ಬಂದಾಗ ಹತ್ತಾಗಿತ್ತು. ಮಗು ಮಲಗಿತ್ತು, ಚಿಕ್ಕಪ್ಪ ಮಗುವಿನ ಪಕ್ಕ ಮಲಗಿದ್ದರು. ಅಜ್ಜಿ ಮಾತ್ರ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದಳು. ಮೂರು ಗಂಟೆಯೂ ಟೀವಿ ನೋಡಿದ್ದಾಳೆ.

“ನಿನ್ನ ಹುಡುಕ್ದೆ ಕಣೋ. ಒಂದ್ಸಲಾನೂ ತೋರಿಸ್ಲಿಲ್ಲ.”

“ನಾವು ಹಿಂದೆ ಇದ್ವಿ ಅಜ್ಜಿ.”

“ಒಬ್ಬರು ಹೆಂಡತಿ ಮಕ್ಕಳನ್ನ ನೋಡ್ಕೊಂಡು ಅತ್ತುಬಿಟ್ರಲ್ಲ, ಯಾರವರು? ನೆಗಡಿ ಬೇರೆ ಆಗಿತ್ತು ಪಾಪ. ಒಂದ್ ಲೋಟ ಕಷಾಯ ಕೊಡೋರಿಲ್ವಾ ಅಷ್ಟು ಜನದಲ್ಲಿ?”

ಅವರು ನಟ ಟಾಮ್ ಹ್ಯಾಂಕ್ಸ್. ಜೀವಮಾನದ ಸಾಧನೆಯ ಪ್ರಶಸ್ತಿ ತಗೊಳ್ಳುವಾಗ ತನಗೆ ವಿಪರೀತ ನೆಗಡಿ ಅಂತ ಅವರೇ ತಮಾಷೆ ಮಾಡಿದ್ದರು. ಅದು ಇಂಗ್ಲಿಷಿನಲ್ಲಿ. ನಾನು ಹಿಂದಿನ ಮೇಜಿನಲ್ಲಿ ಆ ಹೊತ್ತಿಗೆ ಕೋಡುಬಳೆ ಮುರಿಯುತ್ತಿದ್ದೆ, ಸದ್ದಾಗದ ಹಾಗೆ.

ಊಟಕ್ಕೇನು ಹಾಕಿದ್ರು ಅಂತ ಕೇಳಿದಳು. ಸೂಪು, ಅನ್ನ, ಎಲೆಕೋಸು ಅಂದೆ. ಹೊಟ್ಟೆ ತುಂಬಿರಲ್ಲ ಅಂತ ಮೊಸರನ್ನ ಕಲಸಿ ಕೊಟ್ಟಳು. ತಿಂದು ಮಲಗಿದೆ.

ಬೆಳಿಗ್ಗೆ ಎದ್ದಾಗ ಅಜ್ಜಿ ಕಿಟಕಿ ಬೆಳಕಿಗೆ ಕೂತು ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದಳು, ಅಂಗಡಿಯವರಿಗೆ ಗೊತ್ತಾಗದ ಹಾಗೆ. ಬಲಗಾಲಿನ ಕಪ್ಪು ದಾರ ಕಾಣದೆ ಕಣ್ಣು ಕಿರಿದು ಮಾಡಿ ಒಂದೊಂದೇ ಎಳೆ ಎಳೆಯುತ್ತಿದ್ದಳು. ಚಿಕ್ಕಮ್ಮ ಅಡುಗೆಮನೆಯಲ್ಲಿ ನನ್ನ ಕಣ್ಣು ತಪ್ಪಿಸಿ ಕಾಫಿ ಸೋಸುತ್ತಿದ್ದಳು.

ಅಜ್ಜಿ ತಲೆ ಎತ್ತಲಿಲ್ಲ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು.

“ಅಣಬೆ ಚೆನ್ನಾಗಿತ್ತಾ?”