ಎರಡೂ ಎಡಗಾಲು

ಸರ್ ತೀರಿಕೊಂಡರು ಅಂತ ವಾಟ್ಸಾಪ್ ಗುಂಪಿನಲ್ಲಿ ಓದಿದಾಗ ಕಣ್ಣಿಗೆ ಕಟ್ಟಿದ್ದು ಅವರ ಟೇಪು. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವಂಥ ಹಳದಿ ಟೇಪು. ಸದಾ ಜೇಬಿನಲ್ಲಿ. ಹಿಂದಿನಿಂದ ನಾವು ಅವರನ್ನು 'ಟೇಪು ಸರ್' ಅಂತಲೇ ಕರೆಯುತ್ತಿದ್ದೆವು.

ಒಂಬತ್ತನೇ ತರಗತಿಯಲ್ಲಿ ಅವರು ಒಂದು ಕಥೆ ಹೇಳಿದರು. 1802ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹೊಲ ಉಳುತ್ತಿದ್ದ ಪ್ಲೈನಿ ಮೂಡಿ ಎಂಬ ಹುಡುಗನಿಗೆ ಮೂರು ಬೆರಳಿನ ಹೆಜ್ಜೆಯ ಕಲ್ಲು ಸಿಕ್ಕಿತು. ಜನ ಅದನ್ನು ಬೈಬಲ್ಲಿನ ಪ್ರಳಯದ ಕಥೆಯ ನೋಹನ ಕಾಗೆಯ ಹೆಜ್ಜೆ ಅಂದರು. ಡೈನೋಸಾರ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ.

ನಮಗೆ ಅಷ್ಟು ಸಾಕಾಯಿತು. ಬಡಗಿ ಮನೆಯ ಗೆಳೆಯ ಹಲಗೆಯಲ್ಲಿ ಒಂದಡಿಯ ಮೂರು ಬೆರಳಿನ ಪಾದ ಕೊರೆದ. ಕೆರೆಯಂಚಿನ ಹಸಿ ಕೆಸರಲ್ಲಿ ಸಾಲಾಗಿ ಒತ್ತಿದೆವು. ಸರ್ ನಂಬಿದರೆ ನನಗೆ ಒಗ್ಗರಣಿ, ಮಿರ್ಚಿ ಅಂತ ಪಂಥ. (ಐಡಿಯಾ ನನ್ನದೇ. ಉಳಿದವರು ಈಗ ಬೇರೆ ಹೇಳ್ತಾರೆ.)

ಸರ್ ಬಂದರು, ಕುಕ್ಕರಗಾಲಲ್ಲಿ ಕೂತು ಅಳೆದರು.

"ಪಾದ ಒಂದಡಿ. ಸೊಂಟ ಅದರ ಸುಮಾರು 4 ಪಟ್ಟು, ಅಂದ್ರೆ ನಾಕಡಿ. ಹೆಜ್ಜೆ ಹೆಜ್ಜೆ ನಡುವಿನ ದೂರ ನೋಡಿದ್ರೆ ಗುಬ್ಬಿದು. ಇಷ್ಟು ದೊಡ್ಡ ಪ್ರಾಣಿ ಅರ್ಧ ಇಂಚೂ ಇಳಿದಿಲ್ಲ, ಪಕ್ಕದ ಹವಾಯಿ ಚಪ್ಪಲಿ ಎರಡಿಂಚು ಇಳಿದೈತಿ. ಮತ್ತೆ ಇದಕ್ಕೆ ಎರಡೂ ಎಡಗಾಲೇನಲೇ?"

ಬೈಯಲಿಲ್ಲ. ಹೊಡೆಯಲೂ ಇಲ್ಲ. ಮುಂದಿನ ಮೂರು ಭಾನುವಾರ ಅದೇ ಕೆಸರಲ್ಲಿ ನಮ್ಮನ್ನು ನಡೆಸಿದರು, ಓಡಿಸಿದರು, ಅಳೆಸಿದರು. ಓಡಿದಾಗ ಹೆಜ್ಜೆಗಳ ನಡುವಿನ ದೂರ ಎಷ್ಟು ಹಿಗ್ಗುತ್ತದೆ ಅಂತ ಪಟ್ಟಿ ಬರೆಸಿದರು. ಎಮ್ಮೆ, ಕೊಕ್ಕರೆ ಯಾವುದನ್ನೂ ಬಿಡಲಿಲ್ಲ. ಒಣಗಿದ ಹೆಜ್ಜೆಯ ಮೇಲೆ ಹೊಸ ಹೂಳು ಕೂತು ಮುಚ್ಚಿಕೊಳ್ಳುವುದನ್ನು ತೋರಿಸಿ, "ಕಲ್ಲಾಗೋ ದಾರಿ ಇದೇ" ಅಂದರು.

ನಮ್ಮ ಕೋಟೆ ಗುಡ್ಡದಲ್ಲಿ ಯಾಕೆ ಸಿಗಲ್ಲ ಅಂತ ಕೇಳಿದ್ದೆ. ಅದು ಗ್ರಾನೈಟು, ನೆಲದಾಳದಲ್ಲಿ ಕುದಿದು ಆರಿದ ಕಲ್ಲು, ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. "ನಿಮ್ಮ ಗುಡ್ಡ ಅದರ ಮುತ್ತಜ್ಜನಿಗೂ ಮುತ್ತಜ್ಜಲೇ" ಅಂದಿದ್ದರು.

ಆ ವರ್ಷದ ಪಾಠ ಒಂದೂ ನೆನಪಿಲ್ಲ. ಆದರೂ ಸರ್ವೇ ಕೆಲಸದಲ್ಲಿ ಮೂವತ್ತು ವರ್ಷ ನನ್ನ ಅಳತೆ ತಪ್ಪೆಂದು ಯಾರೂ ಹೇಳಿಲ್ಲ, ಹೇಳಿಕೊಳ್ಳಬಾರದು ಅಷ್ಟೇ. ನನ್ನ ಮೊಮ್ಮಗಳ ಪ್ರಾಜೆಕ್ಟು ಸ್ಟೇಷನರಿ ಅಂಗಡಿಯಿಂದ ಬಂತು. ಥರ್ಮೋಕೋಲ್ ಡೈನೋಸಾರ್, ಪೂರ್ತಿ ಅಂಕ. ಕೈಗೆ ಕೆಸರೇ ಹತ್ತಿಲ್ಲ!

2014ರಲ್ಲಿ ಜೈಸಲ್ಮೇರ್ ಹತ್ತಿರದ ಥಯಾತ್ ಗುಡ್ಡದಲ್ಲಿ ಮೂರು ಬೆರಳಿನ ಹೆಜ್ಜೆ ಸಿಕ್ಕವು. ಒಂದು ಸುಮಾರು 30 ಸೆಂಟಿಮೀಟರ್, ನಮ್ಮ ಹಲಗೆಯಷ್ಟೇ! ಸುದ್ದಿ ಓದಿದವನೇ ಸರ್‌ಗೆ ಫೋನ್ ಮಾಡಿದೆ. ಕಿವಿ ಮಂದವಾಗಿತ್ತು, ಎರಡು ಸಲ ಕೂಗಿ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎಡಗಾಲೋ ಬಲಗಾಲೋ, ಸರಿಯಾಗಿ ನೋಡ್ಯಾರೇನು?"